ಏಳನೇ ಕ್ಲಾಸಿನ ನಂತರ ಹುಡುಗಿಯರನ್ನ ಶಾಲೆಯಲ್ಲಿ ಉಳಿಸೋಕೆ ಯಾವುದು ಕೆಲಸ ಮಾಡುತ್ತೆ: ಸೈಕಲ್ಲಾ, ದುಡ್ಡಾ, ಶೌಚಾಲಯನಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ಟ್ರಸ್ಟು ಹಳ್ಳಿ ಹೆಣ್ಣುಮಕ್ಕಳ ಹೈಸ್ಕೂಲು ಓದಿಗೆ ಅಂತ ವರ್ಷಕ್ಕೆ 6 ಲಕ್ಷ ರೂಪಾಯಿ ತೆಗೆದಿಟ್ಟಿದೆ. ಸುತ್ತಲಿನ ಹಳ್ಳಿಗಳಲ್ಲಿ 7ನೇ ಕ್ಲಾಸಿನವರೆಗೆ ಹುಡುಗಿಯರ ಹಾಜರಿ ಚೆನ್ನಾಗೇ ಇದೆ. 8ಕ್ಕೆ ಬರೋ ಹೊತ್ತಿಗೆ ಹೆಸರುಗಳು ಕಮ್ಮಿಯಾಗ್ತವೆ, 10 ಮುಗಿದ ಮೇಲೆ ಮತ್ತೆ ಕಮ್ಮಿಯಾಗ್ತವೆ.

ಸದ್ಯಕ್ಕೆ ಮೂರು ಸಲಹೆ ಬಂದಿವೆ. ಸೈಕಲ್ ಕೊಡೋದು, ತಿಂಗಳಿಗೆ ಇಷ್ಟು ಅಂತ ಖಾತೆಗೆ ದುಡ್ಡು ಹಾಕೋದು, ಇಲ್ಲಾ ಶಾಲೆಯಲ್ಲಿ ಶೌಚಾಲಯ ಕಟ್ಟಿಸಿ ಪ್ಯಾಡ್ ಕೊಡೋದು. ಇವನ್ನೆಲ್ಲ ಬೇರೆ ರಾಜ್ಯಗಳಲ್ಲಿ, ಬೇರೆ ದೇಶಗಳಲ್ಲಿ ಮಾಡಿ ನೋಡಿದ್ದಾರೆ. ಯಾವುದು ನಿಂತಿತು, ಯಾವುದು ಕೈಕೊಟ್ಟಿತು, ಯಾಕೆ ಅಂತ ತಿಳಿದವರು ವಿವರವಾಗಿ ಹೇಳಿ.

ಲೆಕ್ಕದ_ಮೇಷ್ಟ್ರು

ಸೈಕಲ್ ವಿಷಯದಲ್ಲಿ ಗಟ್ಟಿ ಪುರಾವೆ ಇರೋದು ಬಿಹಾರದ್ದು. 2006ರಲ್ಲಿ ಅಲ್ಲಿನ ಸರ್ಕಾರ 9ನೇ ಕ್ಲಾಸಿಗೆ ಸೇರೋ ಹುಡುಗಿಯರಿಗೆ ಸೈಕಲ್ ಕೊಳ್ಳೋಕೆ ತಲಾ 2,000 ರೂಪಾಯಿ ಕೊಡೋಕೆ ಶುರು ಮಾಡಿತು. ಅದೇ ವರ್ಷಗಳಲ್ಲಿ ಅಲ್ಲಿ ರಸ್ತೆ, ಕಾನೂನು ವ್ಯವಸ್ಥೆ, ಜನರ ಆದಾಯ ಎಲ್ಲಾ ಸುಧಾರಿಸ್ತಿತ್ತು. ಹಾಗಾಗಿ "ಮೊದಲು ಇಷ್ಟಿತ್ತು, ಆಮೇಲೆ ಇಷ್ಟಾಯ್ತು" ಅನ್ನೋ ಲೆಕ್ಕ ನಂಬೋ ಹಾಗಿರಲಿಲ್ಲ. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅನ್ನೋ ಅರ್ಥಶಾಸ್ತ್ರಜ್ಞರು ಅದಕ್ಕೇ ಹುಡುಗಿಯರನ್ನ ಅಲ್ಲಿನ ಹುಡುಗರ ಜೊತೆ ಹೋಲಿಸಿದರು, ಜೊತೆಗೆ 2000ದವರೆಗೂ ಬಿಹಾರದ್ದೇ ಭಾಗವಾಗಿದ್ದ ಜಾರ್ಖಂಡ್ ಜೊತೆಗೂ ಹೋಲಿಸಿದರು. ಇಷ್ಟೆಲ್ಲ ಕಳೆದ ಮೇಲೂ ಹುಡುಗಿಯರ ಹೈಸ್ಕೂಲು ದಾಖಲಾತಿ ಶೇ 32ರಷ್ಟು ಏರಿತ್ತು, ಹುಡುಗರಿಗೂ ಹುಡುಗಿಯರಿಗೂ ಇದ್ದ ಅಂತರ ಶೇ 40ರಷ್ಟು ಇಳಿದಿತ್ತು.

ನಿಮಗೆ ಬೇಕಾಗಿರೋದು ಅದರ ಒಳಗಿನ ಇನ್ನೊಂದು ಸಂಗತಿ. ಈ ಏರಿಕೆ ಬಂದಿದ್ದು ಹೆಚ್ಚಾಗಿ ಹೈಸ್ಕೂಲು 3 ಕಿ.ಮೀ.ಗಿಂತ ದೂರ ಇದ್ದ ಹಳ್ಳಿಗಳಿಂದ. ಶಾಲೆ ಹತ್ತಿರವೇ ಇದ್ದ ಕಡೆ ಸೈಕಲ್ಲಿನಿಂದ ದಾಖಲಾತಿ ಅಷ್ಟೇನೂ ಅಲುಗಾಡಲಿಲ್ಲ. ಆದ್ದರಿಂದ ಮೊದಲು ಹಳ್ಳಿ ಹಳ್ಳಿಗೂ ಹೈಸ್ಕೂಲಿನ ದೂರ ಬರ್ಕೊಳ್ಳಿ. ಸೈಕಲ್ ಬೇಕೋ ಬೇಡವೋ ಅನ್ನೋದು ಅಲ್ಲೇ ಅರ್ಧ ತೀರ್ಮಾನ ಆಗುತ್ತೆ.

ರಾಯಚೂರ_ರೇಣುಕಾ

ಮೇಷ್ಟ್ರು ಹೇಳಿದ್ದು ಖರೇ ಐತ್ರಿ. ಆದ್ರ ಬಿಹಾರದಾಗ ಕೊಟ್ಟಿದ್ದು ರೊಕ್ಕ, ನಮ್ಮ ರಾಜ್ಯದಾಗ ಕೊಟ್ಟಿದ್ದು ಸೈಕಲ್ಲು. ಎರಡಕ್ಕೂ ಭಾಳ ಫರಕ್ ಐತಿ.

ನಮ್ಮಲ್ಲಿ 2006-07ರಾಗ ಎಂಟನೇ ಕ್ಲಾಸಿನ ಮಕ್ಕಳಿಗೆ ಕೊಡಾಕ ಸುರು ಮಾಡಿದ್ರು, ಕೋವಿಡ್ ಹೊತ್ತಿಗೆ ನಿಂತ್ ಹೋತು. ಟೆಂಡರ್ ಕರದು ಒಂದ ನಮೂನಿ ಸೈಕಲ್ ಲಾರಿಗಟ್ಲೆ ತರಸೂದು, ಬಿಡಿ ಭಾಗ ತಂದು ಜೋಡಸೂದು. ಹಿಂಗ ಸೈಕಲ್ಲಿಗಿಷ್ಟು ಅಂತ ಕೂಲಿ ಹಿಡದು ಗಡಿಬಿಡಿಲೆ ಜೋಡಸಿದ್ರ ಏನಾಗ್ತದ ಅಂದ್ರ, ಸ್ಪೋಕ್ ಸರಿಯಾಗಿ ಬಿಗಿದಿರಂಗಿಲ್ಲ, ಎರಡು ತಿಂಗಳದಾಗ ರಿಮ್ ಡೊಂಕ ಆಗ್ತದ. ರಿಮ್ ಡೊಂಕ ಆದ್ರ ಬ್ರೇಕಿನ ರಬ್ಬರ್ ಅದಕ್ಕ ಉಜ್ಜತದ. ಉಜ್ಜತದ ಅಂತ ಬ್ರೇಕ ಬಿಚ್ಚಿ ಹಾಕಿಬಿಡ್ತಾರ. ಬ್ರೇಕ್ ಇಲ್ಲದ ಸೈಕಲ್ ಮ್ಯಾಗ ಮಗಳನ್ನ ಯಾವ ತಾಯಿ ಕಳಸ್ತಾಳ್ರಿ?

ಟ್ರಸ್ಟಿನವರು ಸೈಕಲ್ಲ ಕೊಡೋದಾದ್ರ ಊರ ಹತ್ರ ಇರೋ ಅಂಗಡ್ಯಾಗ ತಗೋರಿ. ಜೋಡಿಸಿದಾತನ ಮುಂದ ರಿಪೇರಿನೂ ಮಾಡಬೇಕು ಅಂತ ಮಾತಾಗ್ಲಿ. ಶಾಲಿ ಸುರು ಆಗೂ ಮೊದಲ ಕೈಗೆ ಬರಲಿ. ದಸರಾ ಹೊತ್ತಿಗೆ ಬಂದ್ರ ಉಪಯೋಗಿಲ್ಲ, ಬಿಡೋ ಹುಡುಗಿ ಜೂನ್‌ದಾಗನ ಬಿಟ್ಟಿರ್ತಾಳ.

ಬಳ್ಳಾರಿ_ಬಸು

ರೇಣುಕಕ್ಕ, ಮುಳ್ಳಿನ ವಿಚಾರ ಬಿಟ್ಟಿದ್ದೀರಿ. ನಮ್ಮ ಕಡೆ ದಾರಿ ತುಂಬ ಬಳ್ಳಾರಿ ಜಾಲಿ. ಸೈಕಲ್ ಮೂಲೆ ಸೇರೋದು ಪಂಚರಿನಿಂದಲೇ. ಒಂದೊಂದು ಸೈಕಲ್ ಜೊತೆಗೆ ಪಂಪು, ಟೈರ್ ಬಿಚ್ಚೋ ಎರಡು ಪಟ್ಟಿ, ಪಂಚರ್ ತುಂಡು, ಸಲ್ಯೂಷನ್, ಉಜ್ಜೋ ಕಾಗದ, ಒಂದು ಹೊಸ ಟ್ಯೂಬು ಇರಲಿ. ಟೈರಿನ ಒಳಗೆ ಹಳೇ ಟ್ಯೂಬನ್ನ ಉದ್ದಕ್ಕೆ ಸೀಳಿ ಪಟ್ಟಿ ಮಾಡಿ ಹಾಕಿದ್ರೆ ಎಷ್ಟೋ ಪಂಚರು ತಪ್ಪುತ್ತೆ. ಪಂಚರ್ ಹಾಕೋದನ್ನ ಹುಡುಗಿಯರಿಗೇ ಕಲಿಸಿ. ಒಂದು ಮಧ್ಯಾಹ್ನ ಸಾಕು.

ಲುಸಾಕಾ_ಕನ್ನಡಿಗ

ಜಾಂಬಿಯಾದಲ್ಲಿ ಇದನ್ನೇ ಮಾಡಿದ್ದಾರೆ, ಬಸು ಅವರೇ. ಶಾಲೆಗೆ 3 ಕಿ.ಮೀ.ಗಿಂತ ದೂರದಿಂದ ಬರೋ ಹುಡುಗಿಯರಿಗೆ 'ಬಫೆಲೋ' ಅನ್ನೋ ಗಟ್ಟಿ ಉಕ್ಕಿನ ಸೈಕಲ್. ಬ್ರೇಕಿಗೆ ವೈರ್ ಇಲ್ಲ, ಪೆಡಲ್ ಹಿಂದಕ್ಕೆ ತುಳಿದ್ರೆ ನಿಲ್ಲುತ್ತೆ. ದಪ್ಪ ಟೈರು, ಹಿಂದೆ ಭಾರ ಹೊರೋ ಕ್ಯಾರಿಯರ್. ಸ್ಥಳೀಯ ಮೆಕ್ಯಾನಿಕ್‌ಗಳಿಗೆ ತರಬೇತಿ, ಬಿಡಿಭಾಗ ಸಿಗೋ ವ್ಯವಸ್ಥೆ ಎಲ್ಲಾ ಸೇರಿಸಿಯೇ ಯೋಜನೆ. ಅಧ್ಯಯನದಲ್ಲಿ ಓಡಾಟದ ಸಮಯ ಮೂರರಲ್ಲೊಂದು ಪಾಲು ಇಳೀತು, ಗೈರುಹಾಜರಿ ಶೇ 27ರಷ್ಟು ಕಮ್ಮಿಯಾಯ್ತು, ತಡವಾಗಿ ಬರೋದು ಇನ್ನೂ ಕಮ್ಮಿ. ದಾರಿಯಲ್ಲಿ ಚುಡಾಯಿಸೋದೂ ಇಳೀತು.

ಅಲ್ಲಿ ಸೈಕಲ್ ಯಾರದ್ದು ಅನ್ನೋದಕ್ಕೆ ಬರಹದಲ್ಲಿ ಒಪ್ಪಂದ ಇರುತ್ತೆ. ಓದು ಮುಗಿಸಿದ್ರೆ ಹುಡುಗಿಯದ್ದು, ಮಧ್ಯೆ ಬಿಟ್ರೆ ಶಾಲೆಗೆ ವಾಪಸ್. ಇಲ್ಲಾಂದ್ರೆ ಮನೆಯ ಗಂಡಸರು ಕೆಲಸಕ್ಕೆ ತಗೊಂಡು ಹೋಗ್ತಾರೆ.

ಕುಡ್ಲದ_ಕುಸುಮ

ಎಲ್ಲರೂ ಸೈಕಲ್ ಸೈಕಲ್ ಅಂತ ಹೇಳ್ತಾ ಇದ್ದೀರಿ ಮಾರಾಯ್ರೆ. ಘಟ್ಟದ ಬುಡದಲ್ಲಿ, ಏರು ತಗ್ಗಿನ ದಾರಿಯಲ್ಲಿ, ಆ ಮಳೆಯಲ್ಲಿ ಸೈಕಲ್ ಎಂತ ಮಾಡ್ತದೆ? ಶಾಲೆಯನ್ನೇ ಹತ್ತಿರ ತಂದ್ರೆ ಆಗುವುದಿಲ್ವಾ?

ಲೆಕ್ಕದ_ಮೇಷ್ಟ್ರು

ಆಗುತ್ತೆ ಕುಸುಮ ಅವರೇ, ಎಲ್ಲಕ್ಕಿಂತ ಚೆನ್ನಾಗಿ ಆಗೋದು ಅದೇ. ಅಫ್ಘಾನಿಸ್ತಾನದ ಘೋರ್ ಪ್ರಾಂತ್ಯದಲ್ಲಿ 2007ರಲ್ಲಿ ಡಾನಾ ಬರ್ಡಿ ಮತ್ತು ಲೀ ಲಿಂಡನ್ 31 ಹಳ್ಳಿ ತಗೊಂಡು, ಅದರಲ್ಲಿ 13 ಹಳ್ಳಿಗೆ ಊರೊಳಗೇ ಪ್ರಾಥಮಿಕ ಶಾಲೆ ಕೊಟ್ಟು ನೋಡಿದರು. ದೊಡ್ಡ ಕಟ್ಟಡ ಏನಿಲ್ಲ. ಜಾಗ ಊರಿನವರದು, ಪಾಠ ಹೇಳೋರು ಆ ಭಾಗದಲ್ಲೇ ಓದಿದವರು, ಪುಸ್ತಕ ಸರ್ಕಾರದ್ದೇ. ಹುಡುಗಿಯರ ದಾಖಲಾತಿ 52 ಶೇಕಡಾ ಅಂಶ ಏರಿತು, ಅಂದ್ರೆ ನೂರಕ್ಕೆ 52 ಹುಡುಗಿಯರು ಹೆಚ್ಚಾಗಿ ಸೇರಿದರು. ಮೊದಲು ಹುಡುಗರಿಗಿಂತ 21 ಅಂಶ ಹಿಂದಿದ್ದವರು ಸಮಕ್ಕೆ ಬಂದರು. ಶಾಲೆ ಒಂದೊಂದು ಮೈಲಿ ದೂರ ಆದಂತೆ ದಾಖಲಾತಿ ಸುಮಾರು 16 ಅಂಶ ಇಳೀತಿತ್ತು, ಹುಡುಗಿಯರದ್ದು ಹುಡುಗರಿಗಿಂತ ಹೆಚ್ಚು ಇಳೀತಿತ್ತು.

ಆದ್ರೆ ಇದು ಪ್ರಾಥಮಿಕ ಶಾಲೆಯ ಮಾತು. ಹೈಸ್ಕೂಲಿಗೆ ವಿಷಯಕ್ಕೊಬ್ಬ ಶಿಕ್ಷಕರು, ಪ್ರಯೋಗಾಲಯ ಬೇಕು, ಊರಿಗೊಂದು ಮಾಡೋಕಾಗಲ್ಲ. ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಾ ಅಭಿಯಾನದವರು ಇಟ್ಟ ಗುರಿಯೇ 5 ಕಿ.ಮೀ. ಒಳಗೊಂದು ಹೈಸ್ಕೂಲು. ಆ 5 ಕಿ.ಮೀ. ದಾಟೋದು ಹೇಗೆ ಅನ್ನೋದೇ ಇಲ್ಲಿನ ಪ್ರಶ್ನೆ.

ಗಡಿನಾಡ_ಗಂಗಾ

ದೂರ ಅಂದ್ರೆ ಕಿಲೋಮೀಟರ್ ಮಾತ್ರ ಅಲ್ಲ. ಹನನ್ ಜಾಕೋಬಿ, ಗಝಾಲಾ ಮನ್ಸೂರಿ ಅನ್ನೋರು ಪಾಕಿಸ್ತಾನದ ಹಳ್ಳಿಗಳಲ್ಲಿ ಕಂಡಿದ್ದು ಇದು: ಶಾಲೆ ತಮ್ಮ ವಸತಿಯಿಂದ ಹೊರಗಿದ್ರೆ, ಬೇರೆಯವರ ಕೇರಿ ದಾಟಿ ಹೋಗಬೇಕಾದ್ರೆ, ದೂರ ಎಷ್ಟೇ ಕಮ್ಮಿ ಇದ್ರೂ ಹುಡುಗಿಯರನ್ನ ಕಳಿಸೋದು ಇಳಿಯುತ್ತೆ. ಕೆಳಜಾತಿ ಅಂತ ಕರೆಸಿಕೊಂಡವರ ಮಕ್ಕಳು ಮೇಲ್ಜಾತಿಯವರ ಕೇರಿಯಲ್ಲಿರೋ ಶಾಲೆಗೆ ಹೋಗೋದೂ ಇಳಿಯುತ್ತೆ. ನಮ್ಮ ಹಳ್ಳಿಗಳಿಗೆ ಇದನ್ನ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅದಕ್ಕೆ ನಕ್ಷೆ ಬರೆಯುವಾಗ ದೂರದ ಜೊತೆ ದಾರಿಯನ್ನೂ ಗುರುತು ಹಾಕಿ. ಮದ್ಯದಂಗಡಿ ಎಲ್ಲಿದೆ, ಜನ ಇಲ್ಲದ ತೋಟದ ದಾರಿ ಎಷ್ಟು, ಯಾವ ಕಟ್ಟೆ ಮೇಲೆ ಹುಡುಗರು ಗುಂಪು ಕೂರ್ತಾರೆ. ಇದನ್ನ ಹುಡುಗಿಯರನ್ನೇ ಕೇಳಿ ಬರೀಬೇಕು, ಮೇಷ್ಟ್ರನ್ನ ಕೇಳಿದ್ರೆ ಸಿಗಲ್ಲ. ನಾಲ್ಕೈದು ಹುಡುಗಿಯರು ಒಟ್ಟಿಗೆ ಹೋಗೋ ಹಾಗಿದ್ರೆ ಅರ್ಧ ಭಯ ಕಳೆಯುತ್ತೆ. ಒಂದೇ ಊರಿನ ಹುಡುಗಿಯರನ್ನ ಒಟ್ಟಿಗೆ ಆರಿಸಿ, ಊರಿಗೊಬ್ಬಳು ಅಂತ ಹಂಚಬೇಡಿ.

ಮೈಸೂರು_ಮಂಜು

ಶಕ್ತಿ ಯೋಜನೆ ಬಂದ ಮೇಲೆ ಬಸ್ಸೇ ಉಚಿತ ಅಲ್ವಾ? ಸೈಕಲ್ ಯಾಕೆ?

ಬಳ್ಳಾರಿ_ಬಸು

ಟಿಕೆಟ್ ಉಚಿತ, ಸರಿ. ಬಸ್ಸು ಎಷ್ಟು ಗಂಟೆಗೆ ಬರುತ್ತೆ?

ರಾಯಚೂರ_ರೇಣುಕಾ

ಮಂಜು ಅವರ, 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ರೊಕ್ಕದ ಚಿಂತಿ ತಪ್ಪೇತಿ, ಅದು ದೊಡ್ಡ ಮಾತು. ಹತ್ತನೇತ್ತಾ ಮುಗಿಸಿ ತಾಲ್ಲೂಕಿಗೆ ಪಿಯುಸಿ ಓದಾಕ ಹೋಗೋರಿಗೆ ಭಾಳ ಅನುಕೂಲ ಆಗೇತಿ. ಆದ್ರ ಮುಂಜಾನಿ ಒಂದ ಬಸ್ಸು, ಅದೂ ಬರೋದ್ರಾಗ ತುಂಬಿ, ನಿಲ್ಲಸದ ಹೋದ್ರ ಏನ ಮಾಡಬೇಕು? ಸಂಜಿಮುಂದ ಸ್ಪೆಶಲ್ ಕ್ಲಾಸ್ ಮುಗದ ಮ್ಯಾಗ ಬಸ್ಸ ಇಲ್ಲ ಅಂತನ ಎಷ್ಟೋ ಮನ್ಯಾಗ ಬಿಡಸ್ತಾರ.

ಇದಕ್ಕ ಟ್ರಸ್ಟಿನ ರೊಕ್ಕ ಬ್ಯಾಡ, ಒಂದು ಅರ್ಜಿ ಸಾಕು. ಡಿಪೋ ಮ್ಯಾನೇಜರಿಗೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಠರಾವು, ಮುಖ್ಯೋಪಾಧ್ಯಾಯರ ಪತ್ರ, ಯಾವ ನಿಲ್ದಾಣದಿಂದ ಎಷ್ಟ ಮಂದಿ ಹುಡುಗ್ಯಾರು ಹತ್ತತಾರ ಅನ್ನೋ ಪಟ್ಟಿ, ಶಾಲಿ ವೇಳಾಪಟ್ಟಿ, ಈ ನಾಲ್ಕೂ ಹಚ್ಚಿ ಕೊಡ್ರಿ. ಬರೇ "ಬಸ್ ಬಿಡ್ರಿ" ಅಂದ್ರ ಆಗಂಗಿಲ್ಲ. "ಈಗಿರೋ ಬಸ್ಸಿನ ವೇಳೆ ಇಷ್ಟ ನಿಮಿಷ ಹಿಂದ ಮುಂದ ಮಾಡ್ರಿ" ಅಂತ ಕೇಳ್ರಿ. ಹೊಸಾ ಬಸ್ಸು ಕೊಡೋದಕ್ಕಿಂತ ವೇಳೆ ಬದಲಿಸೋದು ಅವರಿಗೂ ಹಗುರ.

ಢಾಕಾ_ಡೈರಿ

ದುಡ್ಡಿನ ವಿಷಯಕ್ಕೆ ಬರೋಣ. ಬಾಂಗ್ಲಾದೇಶ ಇದನ್ನ ಇಡೀ ದೇಶದ ಮಟ್ಟದಲ್ಲಿ ಮಾಡಿದೆ. 1982ರಲ್ಲಿ ಶಾಹ್‌ರಾಸ್ತಿ ಅನ್ನೋ ಒಂದು ಉಪಜಿಲ್ಲೆಯಲ್ಲಿ ಪ್ರಯೋಗ, 1994ರಿಂದ ಮಹಾನಗರಗಳನ್ನ ಬಿಟ್ಟು ದೇಶದೆಲ್ಲೆಡೆ. 6ರಿಂದ 10ನೇ ಕ್ಲಾಸಿನ ಹುಡುಗಿಯರಿಗೆ ಶಿಷ್ಯವೇತನ. ಮೂರು ಷರತ್ತು: ಶೇ 75 ಹಾಜರಿ, ಪರೀಕ್ಷೆಯಲ್ಲಿ ಶೇ 45 ಅಂಕ, ಮದುವೆ ಆಗಿರಬಾರದು. ಮೊತ್ತ ಸಣ್ಣದು, 6ನೇ ಕ್ಲಾಸಿಗೆ ತಿಂಗಳಿಗೆ 25 ಟಾಕಾದಿಂದ ಶುರುವಾಗಿ 10ನೇ ಕ್ಲಾಸಿಗೆ 60 ಟಾಕಾ. 9ರಲ್ಲಿ ಪುಸ್ತಕಕ್ಕೆ, 10ರಲ್ಲಿ ಪರೀಕ್ಷಾ ಶುಲ್ಕಕ್ಕೆ ಬೇರೆ ಹಣ.

ಕೊಟ್ಟ ರೀತಿಯಲ್ಲೇ ಜಾಣತನ ಇತ್ತು. ಶಿಷ್ಯವೇತನ ಹುಡುಗಿಯ ಹೆಸರಿನ ಬ್ಯಾಂಕ್ ಖಾತೆಗೆ, ಬೋಧನಾ ಶುಲ್ಕ ನೇರವಾಗಿ ಶಾಲೆಗೆ. ಹುಡುಗಿಯರು ಹೆಚ್ಚು ಸೇರಿದಷ್ಟೂ ಶಾಲೆಗೆ ಆದಾಯ, ಹಾಗಾಗಿ ಮೇಷ್ಟ್ರುಗಳೇ ಮನೆ ಮನೆಗೆ ಹೋಗಿ ಕರೆತರೋಕೆ ಕಾರಣ ಸಿಕ್ತು. 1991ರಲ್ಲಿ ಸುಮಾರು 11 ಲಕ್ಷ ಇದ್ದ ಪ್ರೌಢಶಾಲಾ ಹುಡುಗಿಯರ ಸಂಖ್ಯೆ 2005ಕ್ಕೆ 39 ಲಕ್ಷದ ಹತ್ತಿರ ಬಂತು.

ಲೆಕ್ಕದ_ಮೇಷ್ಟ್ರು

ಅಷ್ಟೂ ಶಿಷ್ಯವೇತನದಿಂದಲೇ ಆಯ್ತು ಅಂತ ಹೇಳೋಕಾಗಲ್ಲ. ಅದೇ ವರ್ಷಗಳಲ್ಲಿ ಅಲ್ಲಿ ಗಾರ್ಮೆಂಟ್ ಕಾರ್ಖಾನೆಗಳೂ ಬೆಳೆದವು. ಕಾರ್ಖಾನೆಗೆ ಹತ್ತಿರದ ಹಳ್ಳಿಗಳಲ್ಲಿ ಹುಡುಗಿಯರ ಓದು ಹೆಚ್ಚಾಗಿದ್ದನ್ನ, ಮದುವೆ ಮುಂದಕ್ಕೆ ಹೋಗಿದ್ದನ್ನ ರೇಚಲ್ ಹೀತ್ ಮತ್ತು ಮುಷ್ಫಿಕ್ ಮೊಬಾರಕ್ ತೋರಿಸಿದ್ದಾರೆ. ಲೆಕ್ಕ, ಓದು ಬಂದ್ರೆ ಒಳ್ಳೆ ಕೆಲಸ ಸಿಗುತ್ತೆ ಅಂತ ಕಣ್ಣೆದುರು ಕಂಡಾಗ ಅಪ್ಪ ಅಮ್ಮ ಓದಿಸ್ತಾರೆ. ಬಡವರು, ಉಳ್ಳವರು ಅಂತ ನೋಡದೆ ಎಲ್ಲರಿಗೂ ಒಂದೇ ಮೊತ್ತ ಕೊಟ್ಟಿದ್ದರಿಂದ ತೀರಾ ಬಡ ಮನೆಗೆ ಆ ದುಡ್ಡು ಸಾಲದೇ ಹೋಯ್ತು ಅನ್ನೋದೂ ಸೇರಿಸಿ.

ಢಾಕಾ_ಡೈರಿ

ಒಪ್ತೀನಿ ಮೇಷ್ಟ್ರೇ. ಹಾಜರಿ ಹಾಕೋರೂ ಶಾಲೆಯವರೇ, ಹಾಜರಿ ಇದ್ರೆ ಹಣ ಸಿಗೋದೂ ಶಾಲೆಗೇ. ಈ ಏರ್ಪಾಟಿನಲ್ಲಿ ಸುಳ್ಳು ಹಾಜರಿಗೆ ಬಾಗಿಲು ತೆರೆದಿರುತ್ತೆ. ಹೊರಗಿನವರು ತಿಂಗಳಿಗೊಮ್ಮೆ ಹೇಳದೆ ಬಂದು ತಲೆ ಎಣಿಸಲೇಬೇಕು.

ಹಾಸನದ_ಹೇಮಾ

ಷರತ್ತಿನ ಬಗ್ಗೆ ಎಚ್ಚರ ಇರಲಿ. ಮಲಾವಿಯ ಝೊಂಬಾ ಜಿಲ್ಲೆಯಲ್ಲಿ 2008-09ರಲ್ಲಿ ಒಂದು ಗುಂಪಿಗೆ "ಶೇ 80 ಹಾಜರಿ ಇದ್ರೆ ಮಾತ್ರ ದುಡ್ಡು", ಇನ್ನೊಂದು ಗುಂಪಿಗೆ ಯಾವ ಷರತ್ತೂ ಇಲ್ಲದೆ ದುಡ್ಡು ಕೊಟ್ಟು ನೋಡಿದರು. ಶಾಲೆಯಲ್ಲಿ ಉಳಿಯೋದು, ಕಲಿಕೆ ಎರಡೂ ಷರತ್ತಿನ ಗುಂಪಲ್ಲೇ ಚೆನ್ನಾಗಿತ್ತು. ಆದರೆ ಬೇಗ ಮದುವೆ, ಬೇಗ ಬಸಿರು ಎರಡೂ ಷರತ್ತಿಲ್ಲದ ಗುಂಪಲ್ಲಿ ತುಂಬಾ ಕಮ್ಮಿ. ಯಾಕಂದ್ರೆ ಷರತ್ತಿನ ಗುಂಪಲ್ಲಿ ಶಾಲೆ ಬಿಟ್ಟ ಹುಡುಗಿಗೆ ಆ ಕ್ಷಣದಿಂದ ದುಡ್ಡು ನಿಂತುಹೋಗುತ್ತೆ. ಯಾರಿಗೆ ಆಸರೆ ಹೆಚ್ಚು ಬೇಕೋ ಅವಳ ಕೈಯೇ ಬರಿದು.

ಅಲ್ಲಿಂದ ನಾವು ಕಲೀಬೇಕಾದ್ದು, ಹಾಜರಿ ಇಳಿದ ತಿಂಗಳು ದುಡ್ಡು ಪೂರ್ತಿ ನಿಲ್ಲಿಸಬಾರದು. ಮೊದಲನೇ ತಿಂಗಳು ಯಾರಾದರೂ ಮನೆಗೆ ಹೋಗಿ ಕಾರಣ ಕೇಳಬೇಕು. ಕಾಯಿಲೆನಾ, ತಾಯಿ ಕೂಲಿಗೆ ಹೋಗಿ ಪುಟ್ಟ ತಮ್ಮನನ್ನ ನೋಡ್ಕೊಳ್ಳೋರಿಲ್ಲವಾ, ಗಂಡು ನೋಡೋಕೆ ಶುರು ಮಾಡಿದ್ದಾರಾ? ಮೂರಕ್ಕೂ ಉಪಾಯ ಬೇರೆ ಬೇರೆ.

ಕುಡ್ಲದ_ಕುಸುಮ

ಒಟ್ಟಿಗೆ ದೊಡ್ಡ ಮೊತ್ತ ಕೊಟ್ರೆ ಹೇಗೆ? ನಮ್ಮ ಭಾಗ್ಯಲಕ್ಷ್ಮಿ ಬಾಂಡ್ ಉಂಟಲ್ಲ, 18 ತುಂಬಿದ ಮೇಲೆ ಸಿಗುವುದು.

ಹಾಸನದ_ಹೇಮಾ

2006ರ ಭಾಗ್ಯಲಕ್ಷ್ಮಿಯಲ್ಲಿ 18ರೊಳಗೆ ಮದುವೆ ಆಗಬಾರದು, ಕನಿಷ್ಠ 8ನೇ ತರಗತಿ ಓದಿರಬೇಕು ಅನ್ನೋ ಷರತ್ತು ಇತ್ತು. ಉದ್ದೇಶ ಒಳ್ಳೇದೇ. ಆದ್ರೆ ಇದೇ ಜಾತಿಯ ಹಳೇ ಯೋಜನೆ ಹರಿಯಾಣದ್ದು, 1994ರ 'ಅಪ್ನಿ ಬೇಟಿ ಅಪ್ನಾ ಧನ್'. ಅಲ್ಲಿ ಎಷ್ಟೋ ಮನೆಗಳು ಆ ಹಣವನ್ನ ಮದುವೆ ಖರ್ಚಿಗೆ ಅಂತಲೇ ನೋಡಿದವು. 18 ತುಂಬಿತು, ಬಾಂಡ್ ಬಂತು, ಮದುವೆ ಆಯ್ತು. ಹದಿಮೂರರ ಹುಡುಗಿಗೆ ನೋಟ್‌ಬುಕ್ಕಿಗೆ ದುಡ್ಡಿಲ್ಲದಾಗ ಐದು ವರ್ಷ ಆಚೆಯ ಹಣ ಅವಳನ್ನ ಶಾಲೆಗೆ ಕಳಿಸಲ್ಲ.

ಪಶ್ಚಿಮ ಬಂಗಾಳದ ಕನ್ಯಾಶ್ರೀ, 2013ರದ್ದು, ಎರಡನ್ನೂ ಸೇರಿಸಿತು. 13 ತುಂಬಿದ ಮೇಲೆ ವರ್ಷ ವರ್ಷ ಸಣ್ಣ ಮೊತ್ತ, 18ಕ್ಕೆ ಓದ್ತಾ ಇದ್ದು ಮದುವೆ ಆಗಿಲ್ಲದಿದ್ರೆ 25,000.

ಲೆಕ್ಕದ_ಮೇಷ್ಟ್ರು

ಇದರಲ್ಲಿ ನನಗೆ ಅತ್ಯಂತ ಇಷ್ಟವಾದ ಪ್ರಯೋಗ ಕೊಲಂಬಿಯಾದ ಬೊಗೋಟಾದ್ದು, 2005. ಒಂದು ಗುಂಪಿಗೆ ತಿಂಗಳಿಗೆ 30,000 ಪೆಸೋ ಲೆಕ್ಕದಲ್ಲಿ ಪೂರ್ತಿ ಕೊಟ್ಟರು. ಇನ್ನೊಂದು ಗುಂಪಿಗೆ 20,000 ಕೊಟ್ಟು, ಉಳಿದ 10,000ವನ್ನ ಕೂಡಿಟ್ಟು ಮುಂದಿನ ವರ್ಷದ ದಾಖಲಾತಿ ಹೊತ್ತಿಗೆ ಒಟ್ಟಿಗೆ ಕೊಟ್ಟರು. ಖರ್ಚು ಎರಡಕ್ಕೂ ಒಂದೇ. ಹಾಜರಿಯೂ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ಆದರೆ ಮುಂದಿನ ವರ್ಷ ಮತ್ತೆ ಸೇರಿದವರು ಎರಡನೇ ಗುಂಪಿನಲ್ಲಿ ಜಾಸ್ತಿ.

ಕಾರಣ ನಮಗೆ ಗೊತ್ತಿರೋದೇ. ಫೀಸು, ಪುಸ್ತಕ, ಬಟ್ಟೆ, ಶೂ ಎಲ್ಲಾ ಒಂದೇ ಸಲ ಬಂದು ಬೀಳುತ್ತೆ. ನಮ್ಮಲ್ಲಿ ಅದು ಜೂನ್, ಬಿತ್ತನೆ ಖರ್ಚಿನ ತಿಂಗಳೂ ಅದೇ. ನೀವು ದುಡ್ಡು ಕೊಡೋದಾದ್ರೆ ಒಂದು ಪಾಲನ್ನ ಮೇ ಕೊನೇ ವಾರಕ್ಕೆ ಅಂತ ತಡೆದಿಡಿ. ಪಶ್ಚಿಮ ಕೀನ್ಯಾದಲ್ಲಿ ಬರೀ ಸಮವಸ್ತ್ರ ಉಚಿತ ಮಾಡಿದ್ದಕ್ಕೇ ಶಾಲೆ ಬಿಡೋದೂ, ಹದಿಹರೆಯದ ಬಸಿರೂ ಇಳಿದವು.

ತುಂಗಾತೀರ

ತುಂಬಾ ಉಪಯೋಗ ಆಗ್ತಿದೆ. ಶೌಚಾಲಯ, ಪ್ಯಾಡ್ ಬಗ್ಗೆ ಯಾರೂ ಹೇಳಲಿಲ್ಲ. ಟ್ರಸ್ಟಿನಲ್ಲಿ ಹೆಚ್ಚಿನವರ ಒಲವು ಆ ಕಡೆಗೇ ಇದೆ.

ಗಡಿನಾಡ_ಗಂಗಾ

ಎರಡನ್ನೂ ಬೇರೆ ಬೇರೆ ನೋಡಿ.

ಪ್ಯಾಡ್: ನೇಪಾಳದ ಚಿತವನ್‌ನಲ್ಲಿ ಎಮಿಲಿ ಆಸ್ಟರ್ ಮತ್ತು ರೆಬೆಕಾ ಥಾರ್ನ್‌ಟನ್ 198 ಹುಡುಗಿಯರ ದಿನದಿನದ ಹಾಜರಿ ತೆಗೆದು ನೋಡಿದರು. ಮುಟ್ಟಿನ ಕಾರಣಕ್ಕೆ ತಪ್ಪಿದ್ದು ಇಡೀ ಶಾಲಾ ವರ್ಷದಲ್ಲಿ ಅರ್ಧ ದಿನಕ್ಕಿಂತ ಕಮ್ಮಿ. ಮುಟ್ಟಿನ ಕಪ್ ಕೊಟ್ಟಾಗ ಹುಡುಗಿಯರು ಇಷ್ಟಪಟ್ಟು ಬಳಸಿದರು, ಹಾಜರಿ ಮಾತ್ರ ಬದಲಾಗಲಿಲ್ಲ. ಹೆಚ್ಚಿನವರು ಹೇಳಿದ ತೊಂದರೆ ಹೊಟ್ಟೆನೋವು. ಅದಕ್ಕೆ ಕಪ್ಪೂ ಪ್ಯಾಡೂ ಏನು ಮಾಡುತ್ತೆ?

ಶೌಚಾಲಯ: 2003ರ ಸುಮಾರಿಗೆ ನಮ್ಮ ದೇಶದ ಶಾಲೆಗಳಲ್ಲಿ ಶೌಚಾಲಯ ಕಟ್ಟಿದ್ದನ್ನ ಅಂಜಲಿ ಅಡುಕಿಯಾ ಅಧ್ಯಯನ ಮಾಡಿದ್ದಾರೆ. ಚಿಕ್ಕ ಮಕ್ಕಳಿಗೆ ಯಾವ ಶೌಚಾಲಯ ಆದರೂ ದಾಖಲಾತಿ ಏರಿತು. ಮೈನೆರೆಯೋ ವಯಸ್ಸಿನ ಹುಡುಗಿಯರಿಗೆ ಪ್ರಯೋಜನ ಆಗಿದ್ದು ಅವರಿಗೇ ಅಂತ ಬೇರೆ ಕಟ್ಟಿದ ಕಡೆ ಮಾತ್ರ. ಹುಡುಗರಿಗೂ ಹುಡುಗಿಯರಿಗೂ ಒಂದೇ ಇದ್ದ ಕಡೆ ಈ ವಯಸ್ಸಿನವರಿಗೆ ಏನೂ ಉಪಯೋಗ ಆಗಲಿಲ್ಲ.

ಹಾಸನದ_ಹೇಮಾ

ಗಂಗಾ, ಹಾಜರಿ ಏರಲಿಲ್ಲ ಅಂದ ಮಾತ್ರಕ್ಕೆ ಪ್ಯಾಡ್ ಬೇಡ ಅಂತಲ್ಲ. ಕಲೆ ಆಗುತ್ತೇನೋ ಅನ್ನೋ ಅಂಜಿಕೆಯಲ್ಲಿ ಹಿಂದಿನ ಬೆಂಚಲ್ಲಿ ಮುದುಡಿ ಕೂತ ಹುಡುಗಿಯೂ ಹಾಜರಿ ಪುಸ್ತಕದಲ್ಲಿ ಹಾಜರೇ. ಅದು ಘನತೆಯ ಪ್ರಶ್ನೆ, ಅದಕ್ಕಾಗಿಯೇ ಕೊಡಬೇಕು.

ಗಡಿನಾಡ_ಗಂಗಾ

ಪೂರ್ತಿ ಒಪ್ಪಿದೆ ಹೇಮಕ್ಕ. ಕೊಡಲಿ. "ಇದರಿಂದ ಶಾಲೆ ಬಿಡೋದು ನಿಲ್ಲುತ್ತೆ" ಅನ್ನೋ ಲೆಕ್ಕದಲ್ಲಿ 6 ಲಕ್ಷವನ್ನೂ ಅಲ್ಲಿಗೇ ಹಾಕಬೇಡಿ ಅಂತ ಮಾತ್ರ ನಾನು ಹೇಳಿದ್ದು.

ಬಳ್ಳಾರಿ_ಬಸು

ಕಟ್ಟೋದು ಸುಲಭ, ನಡೆಸೋದು ಕಷ್ಟ. ಬೀಗ ಬೀಳೋದು ಯಾವಾಗಲೂ ಒಂದೇ ಕಾರಣಕ್ಕೆ, ನೀರಿಲ್ಲ. ಟ್ಯಾಂಕು ಚಾವಣಿ ಮೇಲೆ ಇರುತ್ತೆ, ಮೇಲಕ್ಕೆ ನೀರು ಎತ್ತೋ ಮೋಟಾರು ಸುಟ್ಟಿರುತ್ತೆ, ರಿಪೇರಿಗೆ ಅಂತ ತೆಗೆದಿಟ್ಟ ಹಣ ಇರಲ್ಲ. ಕಟ್ಟಿಸೋದಾದ್ರೆ ಒಳಗೇ ನಲ್ಲಿ, ಒಳಗಿನಿಂದ ಹಾಕೋ ಗಟ್ಟಿ ಚಿಲಕ, ಮುಚ್ಚಳ ಇರೋ ಕಸದ ಡಬ್ಬಿ, ಕಿಟಕಿ ಎತ್ತರದಲ್ಲಿ. ತೊಳೆಯೋರಿಗೆ ತಿಂಗಳ ಸಂಬಳ ಯಾರು ಕೊಡ್ತಾರೆ ಅನ್ನೋದು ಅಡಿಪಾಯ ಹಾಕೋ ಮೊದಲೇ ಬರಹದಲ್ಲಿ ಇರಲಿ. ಮಕ್ಕಳ ಕೈಲಿ ತೊಳೆಸೋದು ಎಂದೂ ಕೂಡದು.

ಲುಸಾಕಾ_ಕನ್ನಡಿಗ

ತಮ್ಮ ತಂಗಿಯರನ್ನ ನೋಡ್ಕೊಳ್ಳೋ ಮಾತು ಹೇಮಾ ಅವರು ಎತ್ತಿದ್ರಲ್ಲ, ಬುರ್ಕಿನಾ ಫಾಸೊದಲ್ಲಿ ಅದಕ್ಕೇ ಜಾಗ ಮಾಡಿದ್ರು. 132 ಹಳ್ಳಿಗಳಲ್ಲಿ ಹುಡುಗಿಯರಿಗೆ ಒಗ್ಗೋ ಶಾಲೆ ಅಂತ ಕಟ್ಟಿದಾಗ ಮೂರು ಕೊಠಡಿ, ಶಿಕ್ಷಕರಿಗೆ ಮನೆ, ಬೇರೆ ಶೌಚಾಲಯ, ನೀರು, ಊಟ, ಶೇ 90 ಹಾಜರಿ ಇದ್ದ ಹುಡುಗಿಗೆ ಮನೆಗೆ ಒಯ್ಯೋಕೆ ಧಾನ್ಯ. ಜೊತೆಗೆ 'ಬಿಸೊಂಗೊ' ಅಂತ ಪುಟ್ಟ ಮಕ್ಕಳನ್ನ ನೋಡ್ಕೊಳ್ಳೋ ಜಾಗ. ಒಟ್ಟು ದಾಖಲಾತಿ ಸುಮಾರು 19 ಅಂಶ ಏರಿತು, ಹುಡುಗಿಯರದ್ದು ಹುಡುಗರಿಗಿಂತ 5 ಅಂಶ ಹೆಚ್ಚು. ನಿಮ್ಮ ಊರಿನ ಅಂಗನವಾಡಿಯ ವೇಳೆ ಹೈಸ್ಕೂಲಿನ ವೇಳೆಗೆ ಹೊಂದುತ್ತಾ ನೋಡಿ. ಅಂಗನವಾಡಿ ಬೇಗ ಬಿಟ್ರೆ ಅಲ್ಲಿಂದ ಮಗು ಕರ್ಕೊಂಡು ಬರೋದು ಅಕ್ಕನೇ.

ಮೈಸೂರು_ಮಂಜು

ಘೋರ್ ಬಗ್ಗೆ ಓದಿ ಬೇಜಾರಾಯ್ತು. ಈಗ ಅಲ್ಲಿ ಏನು ಗತಿ?

ಢಾಕಾ_ಡೈರಿ

ಅಫ್ಘಾನಿಸ್ತಾನದಲ್ಲಿ 2021ರ ಸೆಪ್ಟೆಂಬರಿನಿಂದ 6ನೇ ತರಗತಿ ನಂತರ ಹುಡುಗಿಯರಿಗೆ ಶಾಲೆ ಇಲ್ಲ. 2022ರ ಮಾರ್ಚ್ 23ರಂದು ತೆರೀತೀವಿ ಅಂತ ತಾಲಿಬಾನಿನವರು ಹೇಳಿ, ಹುಡುಗಿಯರು ಬಂದ ದಿನವೇ ವಾಪಸ್ ಕಳಿಸಿದರು. ಅದೇ ಡಿಸೆಂಬರಿನಲ್ಲಿ ಹುಡುಗಿಯರಿಗೆ ವಿಶ್ವವಿದ್ಯಾಲಯಗಳೂ ಮುಚ್ಚಿದವು, 2024ರ ಡಿಸೆಂಬರಿನಲ್ಲಿ ನರ್ಸ್, ಸೂಲಗಿತ್ತಿ ತರಬೇತಿಯೂ ಹೋಯ್ತು. ಪ್ಯಾರಿಸ್‌ನಿಂದ ಉಪಗ್ರಹದ ಮೂಲಕ 'ಬೇಗಂ ಟಿವಿ' 7ರಿಂದ 12ನೇ ತರಗತಿಯ ಪಾಠ ಪ್ರಸಾರ ಮಾಡುತ್ತೆ. ಪಾಠ ತಲುಪುತ್ತೆ, ಪ್ರಮಾಣಪತ್ರ ತಲುಪಲ್ಲ. ಸರ್ಕಾರವೇ ಬಾಗಿಲು ಹಾಕಿದಾಗ ಸೈಕಲ್ಲು, ದುಡ್ಡು ಏನೂ ಮಾಡೋಕಾಗಲ್ಲ.

ನಿಷೇಧ ಹಿಂದಕ್ಕೆ ಹೋಗಿರೋ ಕಡೆಯೂ ಇವೆ. ಬಸಿರಾದ ಹುಡುಗಿಯರನ್ನ ಶಾಲೆಗೆ ಸೇರಿಸಬಾರದು ಅನ್ನೋ ಆದೇಶವನ್ನ ಪಶ್ಚಿಮ ಆಫ್ರಿಕಾ ದೇಶಗಳ ನ್ಯಾಯಾಲಯ 2019ರಲ್ಲಿ ತಪ್ಪೆಂದಿತು, 2020ರ ಮಾರ್ಚಿನಲ್ಲಿ ಸಿಯೆರಾ ಲಿಯೋನ್ ಅದನ್ನ ತೆಗೆದುಹಾಕಿತು. ತಾಂಜಾನಿಯಾ 2021ರ ನವೆಂಬರಿನಲ್ಲಿ.

ನಿರ್ವಾಹಕ

ಅಫ್ಘಾನಿಸ್ತಾನದ ವಿಷಯಕ್ಕೆ ಬೇರೆ ಎಳೆ ತೆರೆದಿದ್ದೇನೆ, ಮುಂದಿನ ಚರ್ಚೆ ಅಲ್ಲಿ ಮಾಡಿ. ಇಲ್ಲಿ ಮೂಲ ಪ್ರಶ್ನೆಗೆ ಉತ್ತರ ಬರಲಿ.

ರಾಯಚೂರ_ರೇಣುಕಾ

ಈಗಾಗಲೇ ಶಾಲಿ ಬಿಟ್ಟ ಹುಡುಗ್ಯಾರನ್ನ ಮರೀಬ್ಯಾಡ್ರಿ. ಆರ್‌ಟಿಇ, ಅಂದ್ರ ಶಿಕ್ಷಣ ಹಕ್ಕಿನ ಕಾಯ್ದೆ, ಇರೋದು 6ರಿಂದ 14 ವರ್ಷದವರಿಗೆ, ಒಂದರಿಂದ ಎಂಟನೇ ಕ್ಲಾಸಿಗೆ. ನಮ್ಮ ಹಿರಿಯ ಪ್ರಾಥಮಿಕ ಶಾಲಿ ಏಳಕ್ಕ ಮುಗೀತಿತ್ತು, ಈಗ ಕೆಲವು ಕಡೆ ಎಂಟು ಸೇರಸ್ಯಾರ. ಏಳಕ್ಕ ಮುಗಿಯೋ ಊರಾಗ ಟಿಸಿ ತಗೊಂಡು ಇನ್ನೊಂದ ಶಾಲಿಗೆ ಹೋಗೋ ಹೊತ್ತಿಗೆ ಹುಡುಗಿ ಕಳದು ಹೋಗ್ತಾಳ. ಟಿಸಿ ಕೇಳಿದ್ರ ಮುಖ್ಯೋಪಾಧ್ಯಾಯರು ಕೂಡಲೇ ಕೊಡಬೇಕು ಅಂತ 5ನೇ ಕಲಮಿನಾಗ ಐತಿ. ಟಿಸಿ ತಡ ಆತು ಅಂತ ಸೇರಸಿಕೊಳ್ಳದ ಇರೂ ಹಂಗಿಲ್ಲ. ನಡುವ ಬಿಟ್ಟಾಕಿನ್ನ ವಯಸ್ಸಿಗೆ ತಕ್ಕ ಕ್ಲಾಸಿಗೆ ಸೇರಸಿ ವಿಶೇಷ ತರಬೇತಿ ಕೊಡಬೇಕು ಅಂತ 4ನೇ ಕಲಮು ಹೇಳ್ತದ.

ಒಂಬತ್ತಕ್ಕ ಬಂದ್ರ ಆರ್‌ಟಿಇ ಆಸರಿ ಇಲ್ಲ. ಎನ್‌ಐಒಎಸ್ ಅನ್ನೋ ರಾಷ್ಟ್ರೀಯ ಮುಕ್ತ ಶಾಲಿ ಐತಿ, 14 ತುಂಬಿದ್ರ ಹತ್ತನೇತ್ತಾಕ್ಕ ಹೆಸರು ಹಚ್ಚಬಹುದು. ಐದು ವಿಷಯ ಪಾಸಾಗಬೇಕು, ಐದು ವರ್ಷದಾಗ ಒಂಬತ್ತು ಸಲ ಪರೀಕ್ಷೆಗೆ ಕೂಡ್ರಾಕ ಅವಕಾಶ. ಫೀಸು ಟ್ರಸ್ಟ್ ಕಟ್ಟಬಹುದು, ಆದ್ರ ವಾರಕ್ಕ ಎರಡು ದಿನ ಗಣಿತ, ವಿಜ್ಞಾನ ಹೇಳಿಕೊಡೋರು ಬೇಕ ಬೇಕು. ಬರೇ ಹೆಸರು ಹಚ್ಚಿ ಬಿಟ್ರ ಪುಸ್ತಕದ ಪಾರ್ಸೆಲ್ ಬಿಚ್ಚಂಗಿಲ್ಲ.

ಹಾಸನದ_ಹೇಮಾ

ಹಿಂದುಳಿದ ತಾಲ್ಲೂಕಾದ್ರೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಇದೆಯಾ ಕೇಳಿ. 2004ರಲ್ಲಿ ಶುರುವಾದ ವಸತಿ ಶಾಲೆಗಳು, ಶೇ 75 ಸೀಟು ಪರಿಶಿಷ್ಟ, ಹಿಂದುಳಿದ, ಅಲ್ಪಸಂಖ್ಯಾತ ಹುಡುಗಿಯರಿಗೆ, ಉಳಿದದ್ದು ಬಡತನ ರೇಖೆ ಕೆಳಗಿನವರಿಗೆ. ದೂರ, ತಮ್ಮನನ್ನ ನೋಡ್ಕೊಳ್ಳೋದು, ಮನೆಗೆಲಸ ಮೂರಕ್ಕೂ ವಸತಿ ಶಾಲೆ ಉತ್ತರ.

ಮದುವೆ ಸುದ್ದಿ ಕಿವಿಗೆ ಬಿದ್ರೆ ಕಾಯಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಹೇಳಿ. ದೇಶದ 2006ರ ಕಾಯ್ದೆಯಲ್ಲಿ ಬಾಲ್ಯವಿವಾಹ ರದ್ದಾಗಬೇಕಾದ್ರೆ ಆ ಹುಡುಗಿ ಕೋರ್ಟಿಗೆ ಹೋಗಬೇಕು. ಕರ್ನಾಟಕದ ತಿದ್ದುಪಡಿ ಬಂದ ಮೇಲೆ ಇಲ್ಲಿ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ಇದನ್ನ ಅಪ್ಪ ಅಮ್ಮಂದಿರ ಸಭೆಯಲ್ಲಿ ಮೊದಲೇ ಹೇಳಿ, ಮಂಟಪದಲ್ಲಿ ಹೋಗಿ ಹೇಳೋದಕ್ಕಿಂತ ಮೇಲು.

ತುಂಗಾತೀರ

ಸೈಕಲ್ ಜೊತೆಗೆ ತಿಂಗಳಿಗೆ 300ರಂತೆ ಹತ್ತು ತಿಂಗಳು, ದಾಖಲಾತಿ ಹೊತ್ತಿಗೆ 1,500 ಅಂದ್ರೆ ವರ್ಷಕ್ಕೆ ಒಬ್ಬಳಿಗೆ 4,500. ಸೈಕಲ್ಲು, ರಿಪೇರಿ ಸಾಮಾನು ಸೇರಿ 6,000 ಅಂತ ಹಿಡಿದ್ರೆ 50 ಹುಡುಗಿಯರಿಗೆ ಆಗುತ್ತಾ?

ಲೆಕ್ಕದ_ಮೇಷ್ಟ್ರು

ಮೊದಲ ವರ್ಷ ಆಗುತ್ತೆ, ಮೂರನೇ ವರ್ಷ ಮುರಿದು ಬೀಳುತ್ತೆ. ರಿಪೇರಿಗೆ ವರ್ಷಕ್ಕೆ 600 ಸೇರಿಸಿ ನೋಡಿ. ಮೊದಲ ವರ್ಷ ಸೈಕಲ್ಲಿಗೆ 3 ಲಕ್ಷ, ನಗದು 2.25 ಲಕ್ಷ, ರಿಪೇರಿ 30 ಸಾವಿರ, ಒಟ್ಟು 5.55 ಲಕ್ಷ. ಆದರೆ 8ಕ್ಕೆ ಸೇರಿದವಳನ್ನ 10 ಮುಗಿಯೋವರೆಗೆ ಕೈಬಿಡೋ ಹಾಗಿಲ್ಲ. ಪ್ರತಿ ವರ್ಷ ಹೊಸ 50 ಸೇರಿಸ್ತಾ ಹೋದ್ರೆ ಮೂರನೇ ವರ್ಷ 150 ಹುಡುಗಿಯರು. ನಗದೇ 6.75 ಲಕ್ಷ, ಎಲ್ಲಾ ಸೇರಿ 10.65 ಲಕ್ಷ. ಆಗ ನಿಲ್ಲೋದು 10ನೇ ಕ್ಲಾಸಿನವರ ದುಡ್ಡೇ.

ವರ್ಷಕ್ಕೆ 28 ಹೊಸ ಹುಡುಗಿಯರು ಅಂತ ಇಟ್ಕೊಳ್ಳಿ. ಮೂರನೇ ವರ್ಷ ಸೈಕಲ್ 1,68,000, ನಗದು 84 ಹುಡುಗಿಯರಿಗೆ 3,78,000, ರಿಪೇರಿ 50,400. ಒಟ್ಟು 5,96,400. ಮೊದಲೆರಡು ವರ್ಷ ಉಳಿಯೋದನ್ನ ಠೇವಣಿ ಇಡಿ, ಬೆಲೆ ಏರಿಕೆಗೆ ಬೇಕಾಗುತ್ತೆ. ಶಾಲೆ 3 ಕಿ.ಮೀ. ಒಳಗಿರೋರಿಗೆ ಸೈಕಲ್ ಬೇಡ, ಅಲ್ಲಿ ಉಳಿದದ್ದರಲ್ಲಿ ಇನ್ನಿಬ್ಬರು ಮೂವರು ಸೇರ್ತಾರೆ.

ಮೈಸೂರು_ಮಂಜು

ಖಾತೆ ಹುಡುಗಿ ಹೆಸರಲ್ಲೇ ಮಾಡಿಸಬಹುದಾ? ಅಪ್ರಾಪ್ತರಲ್ವಾ?

ಬಳ್ಳಾರಿ_ಬಸು

ಹತ್ತು ವರ್ಷ ತುಂಬಿದ ಮಕ್ಕಳು ತಾವೇ ನಡೆಸೋ ಉಳಿತಾಯ ಖಾತೆಗೆ ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ, ಆದ್ರೆ ಬ್ಯಾಂಕ್ ಬ್ಯಾಂಕಿಗೆ ನಿಯಮ ಬೇರೆ. ಮೊದಲೇ ಹೋಗಿ ಮಾತಾಡಿ. ಅಂಚೆ ಬ್ಯಾಂಕ್ ಆದ್ರೆ ಪೋಸ್ಟ್‌ಮ್ಯಾನ್ ಊರಿಗೇ ಬರ್ತಾರೆ. ಆಧಾರ್‌ನಲ್ಲಿರೋ ಹೆಸರು, ಶಾಲೆ ದಾಖಲೆಯ ಹೆಸರು, ಬ್ಯಾಂಕಿನ ಹೆಸರು ಮೂರೂ ಅಕ್ಷರ ಅಕ್ಷರ ಹೊಂದಬೇಕು, ಇನಿಷಿಯಲ್ ಒಂದು ಹೆಚ್ಚುಕಮ್ಮಿ ಆದ್ರೂ ಸರ್ಕಾರಿ ವಿದ್ಯಾರ್ಥಿವೇತನ ಸಿಕ್ಕಿಹಾಕ್ಕೊಳ್ಳುತ್ತೆ. ಆಧಾರ್ ಜೋಡಣೆ ಮನೆಯವರ ಹಳೇ ಖಾತೆಗೆ ಆಗಿದ್ರೆ ದುಡ್ಡು ಅಲ್ಲಿಗೇ ಹೋಗುತ್ತೆ. ಎರಡು ವರ್ಷ ವಹಿವಾಟಿಲ್ಲದ ಖಾತೆ ನಿಷ್ಕ್ರಿಯ ಆಗುತ್ತೆ, ಅದನ್ನೂ ಈಗಲೇ ನೋಡ್ಕೊಳ್ಳಿ.

ರಾಯಚೂರ_ರೇಣುಕಾ

ಇವೆಲ್ಲಾ ಜನವರಿದಾಗ ಸುರು ಮಾಡ್ರಿ. ಏಳನೇತ್ತಾ ಹುಡುಗ್ಯಾರ ಪಟ್ಟಿ, ದೂರ, ಖಾತೆ, ಟಿಸಿ. ಮಾರ್ಚ್ ಮುಗದು ಸೂಟಿ ಬಿಟ್ರ ಮನಿ ಮಂದಿ ಗುಳೇ ಹೋಗ್ತಾರ, ಹುಡುಗಿನೂ ಸಂಗಾಟ ಹೋಗ್ತಾಳ. ಆಮ್ಯಾಗ ಬೆಂಗಳೂರಾಗ ಯಾವ ಕಟ್ಟಡದ ಸೈಟ್‌ನ್ಯಾಗ ಅದಾಳ ಅಂತ ಹುಡುಕೂದು ಆಗ್ತದ. ಗುಳೇ ಹೋಗೋ ಮನಿಗೋಳ್ನ ಪಟ್ಟ್ಯಾಗ ಮೊದಲ ಗುರ್ತ ಮಾಡಿ, ಹುಡುಗಿ ಅಜ್ಜಿ ಹತ್ರ ಉಳೀತಾಳೋ, ಹಾಸ್ಟೆಲ್ ಬೇಕೋ ಅಂತ ಫೆಬ್ರವರಿದಾಗನ ಕೇಳಿ ಇಡ್ರಿ.